ಕ್ಯೂ ನಮ್ಮ ರೂಟರ್‌ನಲ್ಲೇ ನಿಲ್ಲಬೇಕು: ಬ್ರಾಂಚ್ ಲಿಂಕ್‌ಗೆ ಕ್ಯೂಒಎಸ್ ಪಾಲಿಸಿ ಹಾಕುವ ಬಗೆ

ತುಮಕೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್. ಫೈಬರ್ ಸುತ್ತಿ ಬಳಸಿ 100 ಕಿಲೋಮೀಟರ್ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಹೋಗಿ ಬರುವುದಕ್ಕೆ 1 ಮಿಲಿಸೆಕೆಂಡ್ ಸಾಕು. ನಡುವಿನ ಸ್ವಿಚ್ಚು, ರೂಟರ್ ಎಲ್ಲ ಸೇರಿಸಿದರೂ ಪಿಂಗ್, ಅಂದರೆ ಹೋಗಿಬರುವ ಹೊತ್ತು ಅಳೆಯುವ ಪುಟ್ಟ ಪ್ಯಾಕೆಟ್, 3ರಿಂದ 5 ಮಿಲಿಸೆಕೆಂಡ್‌ನಲ್ಲಿ ವಾಪಸ್ ಬರಬೇಕು. ಬೆಳಗ್ಗೆ ಆಫೀಸು ತೆರೆಯುವ ಮುಂಚೆ ಹಾಗೇ ಬರುತ್ತದೆ. ಅದೇ ಪಿಂಗ್ 11 ಗಂಟೆಗೆ 180 ತೋರಿಸಿದರೆ, ಹೆಚ್ಚಾದ ಆ 175 ಮಿಲಿಸೆಕೆಂಡಿಗೂ ದೂರಕ್ಕೂ ಸಂಬಂಧವಿಲ್ಲ. ಪ್ಯಾಕೆಟ್ ಎಲ್ಲೋ ಒಂದು ಕ್ಯೂನಲ್ಲಿ ಅಷ್ಟು ಹೊತ್ತು ಕಾದಿದೆ. 20 ಎಂಬಿಪಿಎಸ್ ಲಿಂಕ್‌ನಲ್ಲಿ 175 ಮಿಲಿಸೆಕೆಂಡ್ ಅಂದರೆ 35 ಲಕ್ಷ ಬಿಟ್, 1500 ಬೈಟ್‌ನ ಸುಮಾರು 290 ಪ್ಯಾಕೆಟ್. ಅಷ್ಟು ಪ್ಯಾಕೆಟ್ ಯಾವುದೋ ಒಂದು ಪೆಟ್ಟಿಗೆಯ ಮೆಮೊರಿಯಲ್ಲಿ ಕೂತಿದೆ.

ಆ ಪೆಟ್ಟಿಗೆ ನಿಮ್ಮದೋ, ಲಿಂಕ್ ಕೊಟ್ಟಿರುವ ಐಎಸ್‌ಪಿಯದೋ? ಕ್ಯೂಒಎಸ್‌ಗೆ, ಅಂದರೆ ಲಿಂಕ್ ತುಂಬಿದಾಗ ಯಾವ ಪ್ಯಾಕೆಟ್ ಮೊದಲು ಹೋಗಬೇಕು ಅನ್ನುವ ಏರ್ಪಾಡಿಗೆ, ಸಂಬಂಧಪಟ್ಟ ಬಹುಪಾಲು ಗೋಳಿನ ಮೂಲ ಈ ಒಂದು ಪ್ರಶ್ನೆಯನ್ನು ಯಾರೂ ಕೇಳದಿರುವುದು. ಪ್ಯಾಕೆಟ್‌ಗಳನ್ನು ಗುಂಪು ಮಾಡುವ ಕ್ಲಾಸ್-ಮ್ಯಾಪ್ ಬರೆದಿರುತ್ತಾರೆ, ಯಾವ ಗುಂಪಿಗೆ ಏನು ಅಂತ ಹೇಳುವ ಪಾಲಿಸಿ-ಮ್ಯಾಪ್ ಬರೆದಿರುತ್ತಾರೆ, ಇಂಟರ್‌ಫೇಸ್‌ಗೆ ಸರ್ವಿಸ್-ಪಾಲಿಸಿ ಔಟ್‌ಪುಟ್ ಅಂತ ಹಾಕಿಯೂ ಆಗಿರುತ್ತದೆ. ರೂಟರ್ ಒಪ್ಪಿಕೊಂಡಿರುತ್ತದೆ, ಯಾವ ಎರರ್ರೂ ಇಲ್ಲ. ಷೋ ಕಮಾಂಡ್ ಕೊಟ್ಟರೆ ಎಲ್ಲ ಕ್ಲಾಸಿನಲ್ಲೂ ಡ್ರಾಪ್ (ಎಸೆದ ಪ್ಯಾಕೆಟ್) ಸೊನ್ನೆ. ಆದರೂ ಫೋನಿನಲ್ಲಿ ಮಾತು ತುಂಡು ತುಂಡಾಗುತ್ತದೆ.

ಕಾರಣ ಸರಳ. ರೂಟರ್‌ನ ಇಂಟರ್‌ಫೇಸ್ 1 ಗಿಗಾಬಿಟ್‌ನದು, ಐಎಸ್‌ಪಿ ಡಬ್ಬಿಗೆ ಹೋಗುವ ಕೇಬಲ್ಲೂ 1 ಗಿಗಾಬಿಟ್‌ನದು, ನೀವು ದುಡ್ಡು ಕೊಟ್ಟು ಪಡೆದಿರುವುದು ಮಾತ್ರ 20 ಎಂಬಿಪಿಎಸ್. ಪ್ರಯಾರಿಟಿ, ಬ್ಯಾಂಡ್‌ವಿಡ್ತ್ ಇಂಥ ಕಮಾಂಡ್‌ಗಳು ಕೆಲಸ ಶುರುಮಾಡುವುದು ಇಂಟರ್‌ಫೇಸ್ ತುಂಬಿ ಕ್ಯೂ ಕಟ್ಟಿದಾಗ. ಒಳಗಿನಿಂದ 40 ಎಂಬಿಪಿಎಸ್ ಬಂದರೂ ಗಿಗಾಬಿಟ್ ಪೋರ್ಟ್‌ಗೆ ಅದು ಲೆಕ್ಕಕ್ಕೇ ಇಲ್ಲ, ಬಂದದ್ದನ್ನು ಬಂದ ಹಾಗೆ ಆಚೆಗೆ ದಾಟಿಸುತ್ತದೆ. 40ರಲ್ಲಿ 20ನ್ನು ಬೀಳಿಸುವುದು ಅಥವಾ ಕಾಯಿಸುವುದು ಐಎಸ್‌ಪಿಯ ಸ್ವಿಚ್ಚು. ಅದಕ್ಕೆ ನಿಮ್ಮ ವಾಯ್ಸ್ (ಫೋನಿನ ಮಾತು) ಯಾವುದು, ವಿಂಡೋಸ್ ಅಪ್‌ಡೇಟ್ ಯಾವುದು ಅನ್ನುವ ಭೇದವಿಲ್ಲ.

ಆದ್ದರಿಂದ ಕ್ಯೂ ನಿಮ್ಮ ರೂಟರ್‌ನಲ್ಲೇ ನಿಲ್ಲುವ ಹಾಗೆ ಮಾಡುವುದು ಮೊದಲ ಕೆಲಸ. ಹೊರಗೆ ಹೋಗುವ ಒಟ್ಟು ದರವನ್ನು ಐಎಸ್‌ಪಿ ಕೊಟ್ಟಿರುವುದಕ್ಕಿಂತ ಸ್ವಲ್ಪ ಕಡಿಮೆಗೆ ಶೇಪ್ ಮಾಡಿ (ಮೀರಿದ್ದನ್ನು ಎಸೆಯದೆ ಕ್ಯೂನಲ್ಲಿ ಕಾಯಿಸಿ), ಆ ಶೇಪರ್‌ನ ಒಳಗೆ ಕ್ಲಾಸ್‌ಗಳ ಪಾಲಿಸಿಯನ್ನು ಕೂರಿಸಬೇಕು. ಎರಡು ಅಂತಸ್ತಿನ ಪಾಲಿಸಿ ಅನ್ನುವುದು ಇದಕ್ಕೇ: ಮೇಲಿನದು ದರ ಕಟ್ಟುತ್ತದೆ, ಒಳಗಿನದು ಯಾರು ಮೊದಲು ಅಂತ ತೀರ್ಮಾನಿಸುತ್ತದೆ.

ಮೊದಲು ಅಳತೆ

ಉದಾಹರಣೆಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಮಧ್ಯಮ ಗಾತ್ರದ ಘಟಕ ಅಂದುಕೊಳ್ಳೋಣ. ಬೆಂಗಳೂರಿನ ಹೆಡ್ ಆಫೀಸಿಗೆ 20 ಎಂಬಿಪಿಎಸ್ ಲೀಸ್ಡ್ ಲೈನ್, 30 ಐಪಿ ಫೋನ್, ಕಂಪನಿಯ ಲೆಕ್ಕ, ದಾಸ್ತಾನು ನೋಡುವ ಹೆಡ್ ಆಫೀಸಿನ ಇಆರ್‌ಪಿ ಸರ್ವರ್, ಒಂದಿಷ್ಟು ಟೀಮ್ಸ್ ಮೀಟಿಂಗು, ರಾತ್ರಿ ಹಗಲು ಸಿಸಿಟಿವಿ ರೆಕಾರ್ಡಿಂಗ್ ಕಳಿಸುವ ಎನ್‌ವಿಆರ್. ಕೋಲಾರದ ನರಸಾಪುರದಲ್ಲಿರಲಿ, ಮಾಲೂರಿನಲ್ಲಿರಲಿ, ಲೆಕ್ಕ ಇದೇ.

ಕಾಗದದ ಮೇಲಿನ 20ನ್ನು ನಂಬಬೇಡಿ, ಅಳೆಯಿರಿ. ಕೆಲಸವಿಲ್ಲದ ಹೊತ್ತಿನಲ್ಲಿ ಬ್ರಾಂಚಿನ ಒಂದು ಲ್ಯಾಪ್‌ಟಾಪ್‌ನಿಂದ ಹೆಡ್ ಆಫೀಸಿನ ಇನ್ನೊಂದು ಮೆಷಿನ್‌ಗೆ ಲಿಂಕ್‌ನ ವೇಗ ಅಳೆಯುವ ಐಪರ್ಫ್3 ಓಡಿಸಿ. ಯುಡಿಪಿಯಲ್ಲಿ (ಲಿಂಕ್ ತುಂಬಿದರೂ ತಾನಾಗಿ ವೇಗ ಇಳಿಸದ ರವಾನೆ ವಿಧಾನ) 17 ಎಂಬಿಪಿಎಸ್‌ನಿಂದ ಶುರುಮಾಡಿ ಅರ್ಧರ್ಧ ಏರಿಸುತ್ತಾ, ಪ್ರತಿ ಹಂತವನ್ನೂ 60 ಸೆಕೆಂಡ್ ಓಡಿಸಿ, ಎಲ್ಲಿ ಲಾಸ್, ಅಂದರೆ ಪ್ಯಾಕೆಟ್ ಕಳೆದುಹೋಗುವುದು, ಶುರುವಾಗುತ್ತದೆ ನೋಡಿ. ಪಕ್ಕದಲ್ಲೇ ಒಂದು ಪಿಂಗ್ ಓಡುತ್ತಿರಲಿ. ಪಿಂಗ್ ಮೊದಲು ಏರಿ ಆಮೇಲೆ ಲಾಸ್ ಬಂದರೆ ಐಎಸ್‌ಪಿ ಕಡೆ ಬಫರ್ ಇದೆ, ಅವರು ಶೇಪ್ ಮಾಡುತ್ತಿದ್ದಾರೆ ಅಂತ ಅರ್ಥ. ಪಿಂಗ್ ಏರದೆ ನೇರ ಲಾಸ್ ಬಂದರೆ ಅಲ್ಲಿರುವುದು ಪೋಲಿಸರ್, ಮಿತಿ ಮೀರಿದ್ದನ್ನು ಅಲ್ಲೇ ಎಸೆಯುತ್ತಿದೆ. ಲಾಸ್ ಶುರುವಾದ ದರದ 95 ಶೇಕಡಾ ನಿಮ್ಮ ಶೇಪರ್‌ನ ದರ. ನಮ್ಮ ಉದಾಹರಣೆಯಲ್ಲಿ 19 ಎಂಬಿಪಿಎಸ್.

ಉಳಿದ 5 ಶೇಕಡಾ ವ್ಯರ್ಥ ಅಂತ ಮ್ಯಾನೇಜ್‌ಮೆಂಟ್‌ನವರು ಕೇಳಬಹುದು. ರೂಟರ್ ಈಥರ್ನೆಟ್ ಹೆಡರ್‌ವರೆಗೆ ಲೆಕ್ಕ ಹಾಕುತ್ತದೆ. ಐಎಸ್‌ಪಿ ಉಪಕರಣ ತಪ್ಪು ಪತ್ತೆಗೆ ಇರುವ ಸಿಆರ್‌ಸಿಯ 4 ಬೈಟ್, ಫ್ರೇಮ್‌ಗೆ ಮುಂಚೆ ಬರುವ ಪ್ರಿಯಾಂಬಲ್‌ನ 8 ಬೈಟ್, ಫ್ರೇಮ್ ನಡುವಿನ ಅಂತರದ 12 ಬೈಟ್ ಇವನ್ನೂ ಎಣಿಸುತ್ತಿರಬಹುದು. ಪ್ರತಿ ಪ್ಯಾಕೆಟ್‌ಗೆ 24 ಬೈಟ್ ವ್ಯತ್ಯಾಸ. 1500 ಬೈಟ್‌ನ ಪ್ಯಾಕೆಟ್‌ಗೆ ಇದು 1.6 ಶೇಕಡಾ, 200 ಬೈಟ್‌ನ ವಾಯ್ಸ್ ಪ್ಯಾಕೆಟ್‌ಗೆ 12 ಶೇಕಡಾ! ಸಣ್ಣ ಪ್ಯಾಕೆಟ್ ಜಾಸ್ತಿಯಾದ ದಿನ ನಿಮ್ಮ ಶೇಪರ್ 19 ಅಂದುಕೊಂಡದ್ದು ಆಚೆ ಕಡೆ 20 ಮೀರುತ್ತದೆ, ಕ್ಯೂ ಮತ್ತೆ ಅವರ ಪೆಟ್ಟಿಗೆಗೆ ಹಾರುತ್ತದೆ. ಆ 5 ಶೇಕಡಾ ಅದಕ್ಕೆ. ಐಎಸ್‌ಪಿಯ ಟೆಕ್ನಿಕಲ್ ತಂಡಕ್ಕೆ ಮೂರು ಪ್ರಶ್ನೆಗಳ ಮೇಲ್ ಬರೆದು ಲಿಖಿತ ಉತ್ತರ ತೆಗೆದುಕೊಳ್ಳಿ: ಪೋಲಿಸ್ ಮಾಡುತ್ತೀರೋ ಶೇಪ್ ಮಾಡುತ್ತೀರೋ, ದರವನ್ನು ಲೇಯರ್ 2ರಲ್ಲಿ (ಈಥರ್ನೆಟ್ ಹೆಡರ್ ಸೇರಿಸಿ) ಎಣಿಸುತ್ತೀರೋ ಲೇಯರ್ 3ರಲ್ಲೋ (ಐಪಿ ಪ್ಯಾಕೆಟ್ ಮಾತ್ರ), ಪ್ಯಾಕೆಟ್‌ನ ದರ್ಜೆ ಹೇಳುವ ನಮ್ಮ ಡಿಎಸ್‌ಸಿಪಿ ಗುರುತನ್ನು ಉಳಿಸುತ್ತೀರೋ ಸೊನ್ನೆ ಮಾಡುತ್ತೀರೋ.

ಅಳೆಯುವ ಮುಂಚೆ ಇಂಟರ್‌ಫೇಸ್ ಕೌಂಟರ್‌ನಲ್ಲಿ ಸಿಆರ್‌ಸಿ ಎರರ್, ಲೇಟ್ ಕೊಲಿಷನ್ ಇವೆಯೇ ನೋಡಿಬಿಡಿ. ಒಂದು ಕಡೆ ಆಟೋ, ಇನ್ನೊಂದು ಕಡೆ ಕೈಯಲ್ಲಿ 100 ಫುಲ್ ಅಂತ ಕೂರಿಸಿರುವ ಮೀಡಿಯಾ ಕನ್ವರ್ಟರ್‌ಗಳು ಇನ್ನೂ ಇವೆ. ಡ್ಯೂಪ್ಲೆಕ್ಸ್, ಅಂದರೆ ಎರಡೂ ದಿಕ್ಕಿನಲ್ಲಿ ಕಳಿಸುವ ರೀತಿ, ಎರಡು ತುದಿಗೂ ಹೊಂದದ ಲಿಂಕ್‌ಗೆ ಯಾವ ಪಾಲಿಸಿಯೂ ಮದ್ದಲ್ಲ.

ಯಾರಿಗೆ ಎಷ್ಟು

ವಾಯ್ಸ್‌ನ ಲೆಕ್ಕ ಮಾತ್ರ ನಿಖರವಾಗಿ ಮಾಡಬೇಕು, ಮಿಕ್ಕವು ಅಂದಾಜಿನಲ್ಲಿ ನಡೆಯುತ್ತವೆ. ಮಾತನ್ನು ಡಿಜಿಟಲ್ ಮಾಡುವ ಜಿ.711 ಕೋಡೆಕ್ 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ. ಪ್ರತಿಯೊಂದರಲ್ಲೂ 160 ಬೈಟ್ ಮಾತು, 40 ಬೈಟ್ ಐಪಿ-ಯುಡಿಪಿ-ಆರ್‌ಟಿಪಿ ಹೆಡರ್, 18 ಬೈಟ್ ಈಥರ್ನೆಟ್. 218 ಗುಣಿಸು 50 ಗುಣಿಸು 8, ಒಂದು ಕರೆಗೆ ಒಂದು ದಿಕ್ಕಿನಲ್ಲಿ 87.2 ಕೆಬಿಪಿಎಸ್. ಮಾತನ್ನು ಇನ್ನೂ ಕುಗ್ಗಿಸುವ ಜಿ.729 ಆದರೆ 31.2 ಕೆಬಿಪಿಎಸ್. 30 ಫೋನ್‌ಗಳಲ್ಲಿ ಒಂದೇ ಸಲಕ್ಕೆ 15 ಕರೆ ಅಂತ ಮಿತಿ ಇಟ್ಟರೆ 1308 ಕೆಬಿಪಿಎಸ್, ಮೇಲೊಂದಿಷ್ಟು ಸೇರಿಸಿ 1500 ಇಡೋಣ.

15ನೆಯ ಕರೆಯವರೆಗೆ ಎಲ್ಲ ಸರಿ. ಇನ್ನೆರಡು ಕರೆ ನಡೆದೀತು, 18ನೆಯದು ಬಂದಾಗ ಬೇಡಿಕೆ 1570 ಆಗುತ್ತದೆ. ಪ್ರಯಾರಿಟಿ ಕ್ಯೂಗೆ ತನ್ನದೇ ಪೋಲಿಸರ್ ಇರುತ್ತದೆ, ಲಿಂಕ್ ತುಂಬಿರುವಾಗ 1500 ಮೀರಿದ್ದನ್ನು ಎಸೆಯುತ್ತದೆ. ಅದು 18ನೆಯವನ ಪ್ಯಾಕೆಟ್ ಮಾತ್ರ ಹುಡುಕಿ ಎಸೆಯುವುದಿಲ್ಲ, ಯಾರದು ಸಿಕ್ಕಿದರೆ ಅವರದು. ಒಬ್ಬ ಹೆಚ್ಚಾಗಿ ಬಂದದ್ದಕ್ಕೆ 18 ಜನರ ಮಾತೂ ಕೆಡುತ್ತದೆ. ಹಾಗಾಗಿ ಕರೆಗಳ ಸಂಖ್ಯೆಗೆ, ಕರೆ ಜೋಡಿಸುವ ಐಪಿ ಪಿಬಿಎಕ್ಸ್‌ನಲ್ಲೇ ಮಿತಿ ಹಾಕಬೇಕು. ರೂಟರ್‌ನಲ್ಲಿ ಪ್ರಯಾರಿಟಿ ಹೆಚ್ಚಿಸುತ್ತಾ ಹೋಗುವುದು ಪರಿಹಾರವಲ್ಲ. ಪ್ರಯಾರಿಟಿ ಕ್ಯೂ ಲಿಂಕ್‌ನ ಮೂರನೇ ಒಂದು ಭಾಗ ದಾಟದಿರಲಿ ಅನ್ನುವ ಹಳೆಯ ಎಚ್ಚರಿಕೆ ಇವತ್ತಿಗೂ ಸರಿ.

19ರಲ್ಲಿ 1.5 ತೆಗೆದರೆ 17.5 ಎಂಬಿಪಿಎಸ್ ಉಳಿಯಿತು. ಇದನ್ನು ಶೇಕಡಾವಾರು ಹಂಚೋಣ: ಕರೆ ಜೋಡಿಸುವ ಸಿಗ್ನಲಿಂಗ್‌ಗೆ 5, ಇಆರ್‌ಪಿಗೆ 40 ಅಂದರೆ 7 ಎಂಬಿಪಿಎಸ್, ವಿಡಿಯೋಗೆ 25, ಸಿಸಿಟಿವಿ ಬ್ಯಾಕಪ್, ಅಪ್‌ಡೇಟ್ ಮುಂತಾದ ಕಡೇ ಸಾಲಿನವಕ್ಕೆ 2, ಉಳಿದೆಲ್ಲಕ್ಕೆ 28. ಕಡೇ ಸಾಲಿಗೆ 2 ಅಂದರೆ 350 ಕೆಬಿಪಿಎಸ್ ಅಷ್ಟೇನಾ ಅಂತ ಹೆದರಬೇಡಿ. ಇವೆಲ್ಲ ಕನಿಷ್ಠ ಪಾಲು, ಗರಿಷ್ಠ ಮಿತಿಯಲ್ಲ. ರಾತ್ರಿ ಲಿಂಕ್ ಖಾಲಿ ಇದ್ದಾಗ ಎನ್‌ವಿಆರ್ ಪೂರ್ತಿ 19ನ್ನೂ ಬಳಸಿಕೊಳ್ಳುತ್ತದೆ. ಇದೇ ಕಾರಣಕ್ಕೆ ಸಿಸಿಟಿವಿಗೆ ಪೋಲಿಸರ್ ಹಾಕಿ 2 ಎಂಬಿಪಿಎಸ್‌ಗೆ ಕಟ್ಟಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಖಾಲಿ ಲಿಂಕ್‌ನಲ್ಲೂ ಅದು ಕುಂಟುತ್ತಲೇ ಇರುತ್ತದೆ, ಯಾರಿಗೂ ಲಾಭವಿಲ್ಲ.

ಗುರುತು ಹಾಕುವುದು ಒಳಬಾಗಿಲಲ್ಲಿ

ಯಾವ ಪ್ಯಾಕೆಟ್ ಯಾವ ಕ್ಲಾಸು ಅಂತ ಹೊರಗಿನ ಲಿಂಕ್ ಕಡೆಯ ವ್ಯಾನ್ ಇಂಟರ್‌ಫೇಸ್‌ನಲ್ಲಿ ಆಕ್ಸೆಸ್ ಲಿಸ್ಟ್ (ವಿಳಾಸ, ಪೋರ್ಟ್ ನೋಡುವ ಪಟ್ಟಿ) ಇಟ್ಟು ಹುಡುಕುವವರೇ ಹೆಚ್ಚು. ಇಂಟರ್ನೆಟ್ ಲಿಂಕ್‌ನಲ್ಲಿ ನ್ಯಾಟ್ ಇದ್ದರೆ ಅದು ಕೈಕೊಡುತ್ತದೆ. ಸಿಸ್ಕೋ ರೂಟರ್‌ನಲ್ಲಿ ಒಳಗಿನಿಂದ ಹೊರಗೆ ಹೋಗುವಾಗ ನ್ಯಾಟ್ ಮೊದಲು, ಔಟ್‌ಪುಟ್ ಪಾಲಿಸಿ ಆಮೇಲೆ. ನೀವು 10.20.1.250 ಅಂತ ಎನ್‌ವಿಆರ್ ವಿಳಾಸ ಬರೆದಿದ್ದರೆ, ಪಾಲಿಸಿ ನೋಡುವ ಹೊತ್ತಿಗೆ ಆ ವಿಳಾಸ ಪಬ್ಲಿಕ್ ಐಪಿಯಾಗಿ ಬದಲಾಗಿರುತ್ತದೆ. ಕ್ಲಾಸ್ ಹೊಂದುವುದೇ ಇಲ್ಲ, ಎಲ್ಲ ಡಿಫಾಲ್ಟ್‌ಗೆ ಬೀಳುತ್ತದೆ.

ಆದ್ದರಿಂದ ಆಫೀಸಿನ ಒಳಗಿನ ಲ್ಯಾನ್ ಇಂಟರ್‌ಫೇಸ್‌ನ ಇನ್‌ಪುಟ್ ದಿಕ್ಕಿನಲ್ಲಿ ಒಂದು ಪಾಲಿಸಿ ಹಾಕಿ ಅಲ್ಲೇ ಡಿಎಸ್‌ಸಿಪಿ ಗುರುತು ಒತ್ತಿಬಿಡಿ. ವ್ಯಾನ್ ಕಡೆ ಆ ಗುರುತನ್ನಷ್ಟೇ ನೋಡಿದರೆ ಸಾಕು. ಫೋನ್‌ಗಳು ಸಾಮಾನ್ಯವಾಗಿ ಮಾತಿಗೆ ಇಎಫ್, ಅಂದರೆ 46ನ್ನು ತಾವೇ ಹಾಕಿಕೊಂಡು ಬರುತ್ತವೆ. ಸಿಗ್ನಲಿಂಗ್‌ಗೆ ಸಿಎಸ್3 ಅಂದರೆ 24, ವಿಡಿಯೋಗೆ ಎಎಫ್41 ಅಂದರೆ 34, ಇಆರ್‌ಪಿಗೆ ಎಎಫ್21 ಅಂದರೆ 18, ಕಡೇ ಸಾಲಿಗೆ ಸಿಎಸ್1 ಅಂದರೆ 8. ಮನೆಗೊಂದು ಸಂಖ್ಯೆ ಅಂತ ಸ್ವಂತ ಪದ್ಧತಿ ಮಾಡಿಕೊಳ್ಳಬೇಡಿ, ನಾಳೆ ಐಎಸ್‌ಪಿ ನಡೆಸುವ ಎಂಪಿಎಲ್‌ಎಸ್ ಜಾಲಕ್ಕೆ ಹೋದಾಗ ಐಎಸ್‌ಪಿಯ ಕ್ಲಾಸ್‌ಗಳಿಗೆ ಹೊಂದಿಸುವುದು ಕಷ್ಟವಾಗುತ್ತದೆ.

ಟೀಮ್ಸ್‌ಗೆ ಮೈಕ್ರೋಸಾಫ್ಟ್ ಹೇಳುವ ಕ್ಲಯಂಟ್ ಪೋರ್ಟ್‌ಗಳು: ಆಡಿಯೋಗೆ 50000ದಿಂದ 50019, ವಿಡಿಯೋಗೆ 50020ರಿಂದ 50039, ಸ್ಕ್ರೀನ್ ಷೇರಿಂಗ್‌ಗೆ 50040ರಿಂದ 50059. ಅಡ್ಮಿನ್ ಸೆಂಟರ್‌ನಲ್ಲಿ ಈ ಪೋರ್ಟ್ ವ್ಯಾಪ್ತಿ ಆನ್ ಆಗಿದೆಯೇ ನೋಡಿಕೊಂಡು ಈ ಮೂಲ ಪೋರ್ಟ್‌ಗಳ ಮೇಲೆ ಆಕ್ಸೆಸ್ ಲಿಸ್ಟ್ ಬರೆದು ಲ್ಯಾನ್ ಇನ್‌ಪುಟ್‌ನಲ್ಲಿ ಗುರುತು ಹಾಕಿ. ಅವರ ಶಿಫಾರಸಿನಲ್ಲಿ ಸ್ಕ್ರೀನ್ ಷೇರಿಂಗ್‌ಗೆ 18. ಅಂದರೆ ನಮ್ಮ ಲೆಕ್ಕದಲ್ಲಿ ಅದು ಇಆರ್‌ಪಿ ಕ್ಲಾಸಿಗೇ ಬಂದು ಕೂರುತ್ತದೆ. ಬೇಡವೆನಿಸಿದರೆ ಅದನ್ನೂ 34 ಮಾಡಿ. ಯುಡಿಪಿ ಕಂಡದ್ದೆಲ್ಲ ವಾಯ್ಸ್ ಅಂತ ಬರೆಯುವ ಹಳೆಯ ರೂಢಿ ಮಾತ್ರ ಬಿಟ್ಟುಬಿಡಿ. ಯೂಟ್ಯೂಬ್ ಸೇರಿದಂತೆ ದೊಡ್ಡ ಪಾಲು ಈಗ ಕ್ವಿಕ್ ಅನ್ನುವ ಪ್ರೋಟೊಕಾಲ್ ಮೂಲಕ ಯುಡಿಪಿ 443ರಲ್ಲೇ ಬರುತ್ತದೆ. ಪ್ರಯಾರಿಟಿ ಕ್ಯೂ ಅದರಿಂದಲೇ ತುಂಬಿಹೋಗುತ್ತದೆ.

ಮಧ್ಯದ ಸ್ವಿಚ್ಚನ್ನು ಮರೆಯಬೇಡಿ. ಹಳೆಯ ಕ್ಯಾಟಲಿಸ್ಟ್ 2960ರಲ್ಲಿ ಎಂಎಲ್‌ಎಸ್ ಕ್ಯೂಒಎಸ್ ಆನ್ ಮಾಡಿ ಪೋರ್ಟ್‌ನಲ್ಲಿ, ಬಂದ ಗುರುತನ್ನು ನಂಬು ಅನ್ನುವ ಟ್ರಸ್ಟ್ ಕೊಡದಿದ್ದರೆ ಫೋನ್ ಹಾಕಿದ 46ನ್ನು ಅದು ಸೊನ್ನೆ ಮಾಡಿ ಕಳಿಸುತ್ತದೆ. ಕ್ಯಾಟಲಿಸ್ಟ್ 9000 ಸಾಲಿನವು ಇದಕ್ಕೆ ಉಲ್ಟಾ, ಹೇಳದೆಯೇ ನಂಬುತ್ತವೆ.

ಕಾನ್ಫಿಗರೇಷನ್

ಓದಲು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ರೂಟರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಸಿಸ್ಕೋ ಐಒಎಸ್ ಎಕ್ಸ್‌ಇ ಭಾಷೆ ಇದು.

ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ವಾಯ್ಸ್
 ಮ್ಯಾಚ್ ಡಿಎಸ್‌ಸಿಪಿ ಇಎಫ್
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಸಿಗ್ನಲ್
 ಮ್ಯಾಚ್ ಡಿಎಸ್‌ಸಿಪಿ ಸಿಎಸ್3
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಇಆರ್‌ಪಿ
 ಮ್ಯಾಚ್ ಡಿಎಸ್‌ಸಿಪಿ ಎಎಫ್21
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ವಿಡಿಯೋ
 ಮ್ಯಾಚ್ ಡಿಎಸ್‌ಸಿಪಿ ಎಎಫ್41
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಕಡೆ
 ಮ್ಯಾಚ್ ಡಿಎಸ್‌ಸಿಪಿ ಸಿಎಸ್1

ಪಾಲಿಸಿ-ಮ್ಯಾಪ್ ವ್ಯಾನ್-ಚೈಲ್ಡ್
 ಕ್ಲಾಸ್ ವಾಯ್ಸ್
  ಪ್ರಯಾರಿಟಿ 1500
 ಕ್ಲಾಸ್ ಸಿಗ್ನಲ್
  ಬ್ಯಾಂಡ್‌ವಿಡ್ತ್ ರಿಮೈನಿಂಗ್ ಪರ್ಸೆಂಟ್ 5
 ಕ್ಲಾಸ್ ಇಆರ್‌ಪಿ
  ಬ್ಯಾಂಡ್‌ವಿಡ್ತ್ ರಿಮೈನಿಂಗ್ ಪರ್ಸೆಂಟ್ 40
 ಕ್ಲಾಸ್ ವಿಡಿಯೋ
  ಬ್ಯಾಂಡ್‌ವಿಡ್ತ್ ರಿಮೈನಿಂಗ್ ಪರ್ಸೆಂಟ್ 25
 ಕ್ಲಾಸ್ ಕಡೆ
  ಬ್ಯಾಂಡ್‌ವಿಡ್ತ್ ರಿಮೈನಿಂಗ್ ಪರ್ಸೆಂಟ್ 2
 ಕ್ಲಾಸ್ ಕ್ಲಾಸ್-ಡಿಫಾಲ್ಟ್
  ಬ್ಯಾಂಡ್‌ವಿಡ್ತ್ ರಿಮೈನಿಂಗ್ ಪರ್ಸೆಂಟ್ 28
  ಫೇರ್-ಕ್ಯೂ

ಪಾಲಿಸಿ-ಮ್ಯಾಪ್ ವ್ಯಾನ್-ಪೇರೆಂಟ್
 ಕ್ಲಾಸ್ ಕ್ಲಾಸ್-ಡಿಫಾಲ್ಟ್
  ಶೇಪ್ ಆವರೇಜ್ 19000000
  ಸರ್ವಿಸ್-ಪಾಲಿಸಿ ವ್ಯಾನ್-ಚೈಲ್ಡ್

ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/0/0
 ಲೋಡ್-ಇಂಟರ್ವಲ್ 30
 ಸರ್ವಿಸ್-ಪಾಲಿಸಿ ಔಟ್‌ಪುಟ್ ವ್ಯಾನ್-ಪೇರೆಂಟ್

ಮ್ಯಾಚ್-ಎನಿ ಅಂತ ಸ್ಪಷ್ಟವಾಗಿ ಬರೆದಿರುವುದಕ್ಕೆ ಕಾರಣವಿದೆ. ಏನೂ ಬರೆಯದಿದ್ದರೆ ರೂಟರ್ ಮ್ಯಾಚ್-ಆಲ್ ಅಂದುಕೊಳ್ಳುತ್ತದೆ. ಮುಂದೊಂದು ದಿನ ಇನ್ನೊಬ್ಬರು ಬಂದು ಇಎಫ್ ಸಾಲಿನ ಕೆಳಗೆ ಸಿಎಸ್5 ಅಂತ ಇನ್ನೊಂದು ಸಾಲು ಸೇರಿಸಿದರೆ, ಒಂದೇ ಪ್ಯಾಕೆಟ್ ಎರಡೂ ಆಗಿರಬೇಕು ಅಂತ ಅರ್ಥವಾಗಿ ಆ ಕ್ಲಾಸಿಗೆ ಒಂದು ಪ್ಯಾಕೆಟ್ಟೂ ಬರುವುದಿಲ್ಲ. ಒಂದೇ ಸಾಲಿನಲ್ಲಿ ಇಎಫ್ ಸಿಎಸ್5 ಅಂತ ಬರೆದರೆ ಮಾತ್ರ ಎರಡರಲ್ಲೊಂದು ಅಂತ ಅರ್ಥ. ಜೊತೆಗೆ, ಪಾಲಿಸಿಯನ್ನು ಮೇಲಿನಿಂದ ಕೆಳಗೆ ಓದುವುದರಿಂದ ಮೊದಲು ಹೊಂದಿದ ಕ್ಲಾಸೇ ಗೆಲ್ಲುತ್ತದೆ.

ಒಂದೇ ಪಾಲಿಸಿ-ಮ್ಯಾಪ್‌ನಲ್ಲಿ ಒಂದು ಕ್ಲಾಸಿಗೆ ಕೆಬಿಪಿಎಸ್, ಇನ್ನೊಂದಕ್ಕೆ ಪರ್ಸೆಂಟ್ ಅಂತ ಬ್ಯಾಂಡ್‌ವಿಡ್ತ್ ಕಮಾಂಡನ್ನು ಬೆರೆಸಿದರೆ ರೂಟರ್ ಒಪ್ಪುವುದಿಲ್ಲ. ರಿಮೈನಿಂಗ್ ಪರ್ಸೆಂಟ್ ನನ್ನ ಆಯ್ಕೆ. ನಾಳೆ ಲಿಂಕ್ 50 ಎಂಬಿಪಿಎಸ್ ಆದಾಗ ಶೇಪ್ ಸಾಲೊಂದನ್ನು ಬದಲಿಸಿದರೆ ಉಳಿದ ಪಾಲುಗಳು ತಾವೇ ಹಿಗ್ಗುತ್ತವೆ.

ಬರ್ಸ್ಟ್ ಸಂಖ್ಯೆ, ಅಂದರೆ ಒಂದೇ ಏಟಿಗೆ ಎಷ್ಟು ಸರಕು ಬಿಡಬಹುದು ಅನ್ನುವುದನ್ನು, ಕೊಡುವಾಗ ಹುಷಾರು. ಶೇಪ್ ಕಮಾಂಡ್‌ನಲ್ಲಿ ಬಿ-ಸಿ ಅನ್ನುವ ಈ ಬರ್ಸ್ಟ್ ಗಾತ್ರ ಬಿಟ್‌ನಲ್ಲಿ, ಪೋಲಿಸ್ ಕಮಾಂಡ್‌ನಲ್ಲಿ ಅದೇ ಬಿ-ಸಿ ಬೈಟ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿದರೆ 8 ಪಟ್ಟು ತಪ್ಪು. ಹಳೆಯ ಐಒಎಸ್ ರೂಟರ್ ಆದರೆ ವಾಯ್ಸ್ ಇರುವ ಶೇಪರ್‌ಗೆ 10 ಮಿಲಿಸೆಕೆಂಡ್‌ನ ಗಾತ್ರ, ಅಂದರೆ ದರದ ನೂರನೇ ಒಂದು ಭಾಗ ಕೊಡಿ: 19000000ಕ್ಕೆ 190000. ಪೋಲಿಸರ್‌ಗೆ ಏನೂ ಕೊಡದಿದ್ದರೆ ಸಿಸ್ಕೋ ದರವನ್ನು 32ರಿಂದ ಭಾಗಿಸಿ ಬೈಟ್ ಮಾಡಿಕೊಳ್ಳುತ್ತದೆ, 10 ಎಂಬಿಪಿಎಸ್‌ಗೆ 312500 ಬೈಟ್, ಕಾಲು ಸೆಕೆಂಡಿನ ಸರಕು. ಅದನ್ನು ಹಾಗೇ ಬಿಡುವುದು ಒಳ್ಳೆಯದು. 8000, 15000 ಅಂತ ಕಡಿಮೆ ಮಾಡಿದರೆ ಪ್ಯಾಕೆಟ್ ಕಳೆದರೆ ವೇಗ ಇಳಿಸುವ ಟಿಸಿಪಿ ಮತ್ತೆ ಮತ್ತೆ ಪೆಟ್ಟು ತಿಂದು, 10 ಎಂಬಿಪಿಎಸ್ ಕೊಟ್ಟ ಕಡೆ 3, 4ರಲ್ಲೇ ಒದ್ದಾಡುತ್ತದೆ.

ಎಲ್ಲಿ ಹಾಕಬೇಕು ಅನ್ನುವುದರಲ್ಲೂ ತಪ್ಪಾಗುತ್ತದೆ. ವಿಲ್ಯಾನ್ ಇರುವ ಸಬ್‌ಇಂಟರ್‌ಫೇಸ್‌ಗೆ (ಒಂದೇ ಪೋರ್ಟ್‌ನ ಒಳಗಿನ ವಿಭಾಗ) ಬರೀ ಚೈಲ್ಡ್ ಪಾಲಿಸಿ ಹಾಕಲು ಹೋದರೆ ರೂಟರ್ ತಿರಸ್ಕರಿಸುತ್ತದೆ. ಸಬ್‌ಇಂಟರ್‌ಫೇಸ್‌ಗೆ ತನ್ನದೇ ಆದ ದರವಿಲ್ಲ, ಶೇಪರ್ ಮೂಲಕ ದರ ಕೊಟ್ಟ ಮೇಲೆಯೇ ಅದರಲ್ಲಿ ಕ್ಯೂ ಕಟ್ಟಲು ಸಾಧ್ಯ. ಪ್ರಯಾರಿಟಿ, ಬ್ಯಾಂಡ್‌ವಿಡ್ತ್, ಶೇಪ್ ಇವನ್ನು ಇನ್‌ಪುಟ್ ದಿಕ್ಕಿನಲ್ಲಿ ಹಾಕಲಾಗದು. ಇನ್‌ಪುಟ್‌ನಲ್ಲಿ ನಡೆಯುವುದು ಗುರುತು ಹಾಕುವುದು ಮತ್ತು ಪೋಲಿಸ್ ಮಾಡುವುದು ಎರಡೇ. ಹುವಾವೇ ಎಆರ್ ರೂಟರ್‌ಗಳಲ್ಲಿ ಇದೇ ಕೆಲಸಕ್ಕೆ ಟ್ರಾಫಿಕ್ ಕ್ಲಾಸಿಫೈಯರ್, ಟ್ರಾಫಿಕ್ ಬಿಹೇವಿಯರ್, ಟ್ರಾಫಿಕ್ ಪಾಲಿಸಿ ಅನ್ನುವ ಮೂರು ಮೆಟ್ಟಿಲು, ಕೊನೆಗೆ ಇಂಟರ್‌ಫೇಸ್‌ನಲ್ಲಿ ಇನ್‌ಬೌಂಡ್ ಅಥವಾ ಔಟ್‌ಬೌಂಡ್. ತತ್ವ ಅದೇ.

ಹಾಕಿದ ಮೇಲೆ ನೋಡುವುದು

ಷೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್ ಅನ್ನುವ ಒಂದೇ ಕಮಾಂಡ್‌ನಲ್ಲಿ ಎಲ್ಲ ಇದೆ. ಲೋಡ್-ಇಂಟರ್ವಲ್ 30 ಕೊಡದಿದ್ದರೆ ಅಲ್ಲಿ ಕಾಣುವ ದರ 5 ನಿಮಿಷದ ಸರಾಸರಿ. 20 ಸೆಕೆಂಡ್ ಕೆಟ್ಟು ಸರಿಹೋದ ಕರೆಯ ಸುಳಿವೇ ಅದರಲ್ಲಿ ಸಿಗದು.

ಕೌಂಟರ್ ತೆರವು ಮಾಡಿ, ನಾಲ್ಕು ಟಿಸಿಪಿ ಸ್ಟ್ರೀಮ್ ಇಟ್ಟು ಐಪರ್ಫ್3ನಿಂದ ಲಿಂಕ್ ತುಂಬಿಸಿ. ಇನ್ನೊಂದು ಲಿನಕ್ಸ್ ಮೆಷಿನ್‌ನಿಂದ ಎರಡು ಪಿಂಗ್ ಒಟ್ಟಿಗೆ ಓಡಲಿ: ಒಂದು ಸಾದಾ, ಇನ್ನೊಂದು ಟಿಒಎಸ್ 184 ಹಾಕಿದ್ದು. ಡಿಎಸ್‌ಸಿಪಿ 46ನ್ನು 4ರಿಂದ ಗುಣಿಸಿದರೆ 184, ಟಿಒಎಸ್ ಬೈಟ್‌ನಲ್ಲಿ ಡಿಎಸ್‌ಸಿಪಿ ಮೇಲಿನ 6 ಬಿಟ್‌ನಲ್ಲಿ ಕೂರುವುದರಿಂದ. ಪಾಲಿಸಿ ಸರಿ ಇದ್ದರೆ 184ರ ಪಿಂಗ್ 4, 5 ಮಿಲಿಸೆಕೆಂಡ್‌ನಲ್ಲಿ ಅಲುಗಾಡದೆ ನಿಲ್ಲುತ್ತದೆ, ಸಾದಾ ಪಿಂಗ್ ಏರಬಹುದು. ಎರಡೂ ಒಟ್ಟಿಗೆ ಏರಿದರೆ ಕ್ಯೂ ಇನ್ನೂ ಐಎಸ್‌ಪಿ ಕಡೆಯೇ ಇದೆ. ಶೇಪರ್ ದರವನ್ನು ಅರ್ಧ ಎಂಬಿಪಿಎಸ್ ಇಳಿಸಿ ಮತ್ತೆ ನೋಡಿ. 184ರ ಪಿಂಗ್ ಯಾವ ದರದಲ್ಲಿ ತಟಕ್ಕನೆ ಸಮವಾಗುತ್ತದೋ ಅದೇ ನಿಮ್ಮ ನಿಜವಾದ ದರ.

ಔಟ್‌ಪುಟ್‌ನಲ್ಲಿ ಡಿಫಾಲ್ಟ್ ಕ್ಲಾಸ್‌ನ ಡ್ರಾಪ್ ಏರುತ್ತಿರುವುದು ಕಂಡರೆ ಗಾಬರಿ ಬೇಡ, ಅದು ಆಗಬೇಕಾದದ್ದೇ. ಲಿಂಕ್ ತುಂಬಿದಾಗ ಯಾರಾದರೂ ಬಿಡಬೇಕು, ಬಿಡುತ್ತಿರುವವರು ಸರಿಯಾದವರೇ ಅನ್ನುವುದಕ್ಕೆ ಅದು ಸಾಕ್ಷಿ. ವಾಯ್ಸ್ ಕ್ಲಾಸಿನಲ್ಲಿ ಒಂದೇ ಒಂದು ಡ್ರಾಪ್ ಕಂಡರೂ ಹುಡುಕಿ. ವಾಯ್ಸ್‌ನ ಪ್ಯಾಕೆಟ್ ಎಣಿಕೆ ಸೊನ್ನೆ ಇದ್ದರೆ ಅದಕ್ಕಿಂತ ಮುಂಚೆ ಹುಡುಕಿ, ಗುರುತು ದಾರಿಯಲ್ಲೇ ಅಳಿಸಿಹೋಗಿದೆ. ಕ್ಯೂ ಉದ್ದ ಹೆಚ್ಚಿಸಿ ಡ್ರಾಪ್ ನಿಲ್ಲಿಸುವ ಆಸೆ ಹುಟ್ಟುತ್ತದೆ. 64 ಪ್ಯಾಕೆಟ್‌ನ ಕ್ಯೂ 20 ಎಂಬಿಪಿಎಸ್‌ನಲ್ಲಿ ತುಂಬಿದರೆ 38 ಮಿಲಿಸೆಕೆಂಡ್ ತಡ, 2 ಎಂಬಿಪಿಎಸ್‌ನಲ್ಲಿ 384. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿರಲಿ ಅನ್ನುವುದು ಮಾತಿನ ವಿಷಯದಲ್ಲಿ ಐಟಿಯು ಜಿ.114ರ ಮಾತು. ಉದ್ದ ಕ್ಯೂ ಅಂದರೆ ಡ್ರಾಪ್ ಬದಲು ತಡ, ಅಷ್ಟೇ ವ್ಯತ್ಯಾಸ.

ಐಪಿಸೆಕ್ ಟನಲ್ (ಪ್ಯಾಕೆಟ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುವ ದಾರಿ) ಇದ್ದರೆ ಇನ್ನೆರಡು ಸಂಗತಿ. ಎನ್‌ಕ್ರಿಪ್ಟ್ ಆಗುವಾಗ ಡಿಎಸ್‌ಸಿಪಿ ಹೊರಗಿನ ಹೆಡರ್‌ಗೆ ತಾನೇ ನಕಲಾಗುತ್ತದೆ, ಗುರುತು ನೋಡುವ ಪಾಲಿಸಿಗೆ ತೊಂದರೆಯಿಲ್ಲ. ಪೋರ್ಟ್, ವಿಳಾಸ ನೋಡುವ ಪಾಲಿಸಿಗೆ ಮಾತ್ರ, ಎನ್‌ಕ್ರಿಪ್ಟ್ ಆಗುವ ಮುಂಚಿನ ಹೆಡರ್ ತೋರಿಸುವ ಕ್ಯೂಒಎಸ್ ಪ್ರಿ-ಕ್ಲಾಸಿಫೈ ಬೇಕು. ಎರಡನೆಯದು ಹೆಚ್ಚು ಕಾಡುತ್ತದೆ. ಐಪಿಸೆಕ್ ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಹಾಕಿದ ಮೇಲೆ ನಮ್ಮ ಪಾಲಿಸಿ ವಾಯ್ಸನ್ನು ಮುಂದೆ ತಳ್ಳಿ ಫೈಲನ್ನು ಹಿಂದೆ ನಿಲ್ಲಿಸುತ್ತದೆ. ಹಳೆಯ ಪ್ಯಾಕೆಟ್ ಮತ್ತೆ ಬರುವುದನ್ನು ತಡೆಯುವ ಆಚೆ ತುದಿಯ ಆಂಟಿ-ರಿಪ್ಲೇ ಕಿಟಕಿ ಬರೀ 64 ಪ್ಯಾಕೆಟ್‌ನದಾಗಿದ್ದರೆ, ತಡವಾಗಿ ಬಂದ ಫೈಲ್ ಪ್ಯಾಕೆಟ್ ಹಳೆಯದು ಅಂತ ಅಲ್ಲಿ ಎಸೆಯಲ್ಪಡುತ್ತದೆ. ಈಚೆ ಯಾವ ಡ್ರಾಪೂ ಕಾಣದು, ಇಆರ್‌ಪಿ ಮಾತ್ರ ತೆವಳುತ್ತದೆ. ಎರಡೂ ತುದಿಯಲ್ಲಿ ರಿಪ್ಲೇ ವಿಂಡೋ-ಸೈಜ್ 1024 ಮಾಡಿ.

ಒಳಗೆ ಬರುವ ದಿಕ್ಕು

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊರಗೆ ಹೋಗುವ ದಿಕ್ಕಿನದು. ಬೆಂಗಳೂರಿನಿಂದ ತುಮಕೂರಿಗೆ ಬರುವುದರ ಕ್ಯೂ ಬೆಂಗಳೂರಿನ ಕಡೆಯೇ ಕಟ್ಟುವುದು. ಹೆಡ್ ಆಫೀಸಿನಲ್ಲಿ 200 ಎಂಬಿಪಿಎಸ್ ಇದ್ದು ಪ್ರತಿ ಬ್ರಾಂಚಿಗೆ 20 ಇದ್ದರೆ, ಅಲ್ಲಿನ ರೂಟರ್‌ನಲ್ಲಿ ಬ್ರಾಂಚಿಗೊಂದರಂತೆ 19ರ ಶೇಪರ್ ಇರಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರಕ್ಕೂ ಸೇರಿಸಿ ಒಂದೇ ಶೇಪರ್ ಹಾಕಿದರೆ ಒಂದು ಬ್ರಾಂಚಿನ ಬ್ಯಾಕಪ್ ಇನ್ನೆರಡನ್ನೂ ಕೆಡಿಸುತ್ತದೆ. ಬ್ರಾಂಚ್‌ಗಳನ್ನು ಟನಲ್‌ಗಳಿಂದ ಜೋಡಿಸುವ ಡಿಎಂವಿಪಿಎನ್ ಆದರೆ ಪರ್-ಟನಲ್ ಕ್ಯೂಒಎಸ್ ಇದೇ ಕೆಲಸಕ್ಕಿದೆ.

ಸಾದಾ ಇಂಟರ್ನೆಟ್ ಲಿಂಕ್ ಆದರೆ ಆಚೆ ತುದಿ ಕೈಯಲ್ಲಿಲ್ಲ. ಆಗ ಲ್ಯಾನ್ ಇಂಟರ್‌ಫೇಸ್‌ನ ಔಟ್‌ಪುಟ್‌ನಲ್ಲಿ, ಅಂದರೆ ಒಳಗಿನವರ ಕಡೆಗೆ, ಡೌನ್‌ಲೋಡ್ ದರದ 90 ಶೇಕಡಾಕ್ಕೆ ಶೇಪ್ ಮಾಡಬಹುದು. ಪ್ಯಾಕೆಟ್ ಆಗಲೇ ಲಿಂಕ್ ದಾಟಿ ಬಂದಿದೆ ನಿಜ, ಆದರೆ ಟಿಸಿಪಿ ತಡ ಮತ್ತು ಡ್ರಾಪ್ ಕಂಡು ಕಳಿಸುವ ವೇಗ ಇಳಿಸುತ್ತದೆ. ಹೀಗಾಗಿ ಐಎಸ್‌ಪಿ ಕಡೆ ಕ್ಯೂ ಕಟ್ಟುವುದು ತಪ್ಪುತ್ತದೆ. ಹೇಳಿದ ಮಾತು ಕೇಳದ ಯುಡಿಪಿ ಪ್ರವಾಹಕ್ಕೆ ಇದು ತಡೆಯಲ್ಲ.

ಬ್ಯಾಕಪ್ ಲಿಂಕ್

ರಸ್ತೆ ಅಗಲೀಕರಣ, ಪೈಪ್‌ಲೈನ್ ಅಂತ ಜೆಸಿಬಿ ಅಗೆದಲ್ಲೆಲ್ಲ ಫೈಬರ್ ಕತ್ತರಿಸುತ್ತದೆ, ರೂಟರ್ 4ಜಿ ಬ್ಯಾಕಪ್‌ಗೆ ಹೊರಳುತ್ತದೆ. ಆ ಹೊತ್ತಿಗೆ ನಿಮ್ಮ 19 ಎಂಬಿಪಿಎಸ್ ಪಾಲಿಸಿಗೆ ಅರ್ಥವಿಲ್ಲ. 4ಜಿ ಅಪ್‌ಲೋಡ್ ಗಂಟೆಗೊಂದು ತರ. ಸೆಲ್ಯುಲಾರ್ ಇಂಟರ್‌ಫೇಸ್‌ಗೆ ಬೇರೆಯೇ ಪೇರೆಂಟ್ ಪಾಲಿಸಿ ಬರೆದಿಡಿ. ಕೆಲಸದ ವೇಳೆಯಲ್ಲಿ ಅಳೆದಾಗ ಸಿಕ್ಕ ಅತಿ ಕಡಿಮೆ ಅಪ್‌ಲೋಡ್ ದರವೇ ಅದರ ಶೇಪರ್ ದರವಾಗಲಿ. ಅದು 4 ಎಂಬಿಪಿಎಸ್ ಆದರೆ ಪ್ರಯಾರಿಟಿ 1500 ಮೂರನೇ ಒಂದು ಭಾಗ ಮೀರುತ್ತದೆ. ಆದ್ದರಿಂದ ಕರೆಗಳನ್ನು ಜಿ.729ಕ್ಕೆ ಇಳಿಸಿ, ಪ್ರಯಾರಿಟಿ 500 ಇಟ್ಟು, ಕಡೇ ಸಾಲನ್ನು ಪೂರ್ತಿ ಡ್ರಾಪ್ ಮಾಡಿ. ಸಿಸಿಟಿವಿ ಎರಡು ಗಂಟೆ ನಿಂತರೆ ಎನ್‌ವಿಆರ್ ಡಿಸ್ಕ್‌ನಲ್ಲಿ ಉಳಿದಿರುತ್ತದೆ, ಡಿಸ್ಪ್ಯಾಚ್‌ನ ಇ-ವೇ ಬಿಲ್ ನಿಂತರೆ ಲಾರಿ ಗೇಟ್ ದಾಟುವುದಿಲ್ಲ.

ಮೈಕ್ರೋಟಿಕ್ ಇರುವವರಿಗೆ

ಚಿಂತಾಮಣಿ, ಶಿಡ್ಲಘಟ್ಟ, ಪಾವಗಡದಂಥ ಊರುಗಳ ಸಣ್ಣ ಕಚೇರಿಗೆ ಸಿಸ್ಕೋ ದುಬಾರಿ, ಮೈಕ್ರೋಟಿಕ್‌ನಲ್ಲೂ ಇದೇ ಕೆಲಸ ಚೆನ್ನಾಗಿ ಆಗುತ್ತದೆ. ಗುರುತು ಹಾಕುವ ಮ್ಯಾಂಗಲ್ ಪಟ್ಟಿಯಲ್ಲಿ ಮೊದಲು ಕನೆಕ್ಷನ್‌ಗೆ ಗುರುತು, ಅದರಿಂದ ಪ್ಯಾಕೆಟ್‌ಗೆ ಗುರುತು. ಆಮೇಲೆ ಕ್ಯೂ ಟ್ರೀಯಲ್ಲಿ ವ್ಯಾನ್ ಇಂಟರ್‌ಫೇಸ್ ಪೇರೆಂಟ್ ಆಗಿರುವ ಒಂದು ಕ್ಯೂ ಮಾಡಿ, ಮ್ಯಾಕ್ಸ್-ಲಿಮಿಟ್ 19 ಎಂ ಕೊಟ್ಟು, ಅದರ ಕೆಳಗೆ ಮಕ್ಕಳು. ಲಿಮಿಟ್-ಅಟ್ ಕನಿಷ್ಠ ಪಾಲು, ಮಕ್ಕಳ ಲಿಮಿಟ್-ಅಟ್ ಕೂಡಿದರೆ ಪೇರೆಂಟ್‌ನ ಮ್ಯಾಕ್ಸ್-ಲಿಮಿಟ್ ಮೀರಬಾರದು. ಪ್ರಯಾರಿಟಿ 1ರಿಂದ 8, 1 ಎಲ್ಲಕ್ಕಿಂತ ಮೇಲು. ಅದು ಕೆಲಸ ಮಾಡುವುದು ಕೆಳಗಿನ ಎಲೆಯಂಥ ಕ್ಯೂಗಳಲ್ಲಿ ಮಾತ್ರ, ಪೇರೆಂಟ್‌ಗೆ ಕೊಟ್ಟ ಪ್ರಯಾರಿಟಿಯನ್ನು ಮೈಕ್ರೋಟಿಕ್‌ನ ತಂತ್ರಾಂಶ ರೂಟರ್‌ಒಎಸ್ ಲೆಕ್ಕಿಸುವುದಿಲ್ಲ. ಪೇರೆಂಟ್‌ಗೆ ಮ್ಯಾಕ್ಸ್-ಲಿಮಿಟ್ ಕೊಡದಿದ್ದರೆ ಮಕ್ಕಳ ಪ್ರಯಾರಿಟಿಯೂ ಸತ್ತಂತೆ. ರೂಟರ್‌ಒಎಸ್ 7 ಆದರೆ ಕ್ಯೂ ಟೈಪ್‌ನಲ್ಲಿ, ಕಾಯುವ ತಡ ಇಳಿಸುವ ಎಫ್‌ಕ್ಯೂ-ಕೋಡೆಲ್, ಕೇಕ್ ಎರಡೂ ಇವೆ, ಡಿಫಾಲ್ಟ್ ಕ್ಯೂಗೆ ಅದರಲ್ಲೊಂದನ್ನು ಹಾಕಿದರೆ ಸಾದಾ ಬ್ರೌಸಿಂಗ್ ಕೂಡ ಹಗುರಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಮಕ್ಕಳ ಕ್ಯೂಗಳ ಬೈಟ್ ಎಣಿಕೆ ಏರದಿದ್ದರೆ ಫೈರ್‌ವಾಲ್ ಫಿಲ್ಟರ್ ಪಟ್ಟಿಯಲ್ಲಿ, ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಬೇಗ ದಾಟಿಸುವ ಫಾಸ್ಟ್‌ಟ್ರ್ಯಾಕ್ ನಿಯಮ ಇದೆಯೇ ನೋಡಿ, ಮನೆಬಳಕೆ ಮಾದರಿಗಳ ಡಿಫಾಲ್ಟ್ ಕಾನ್ಫಿಗರೇಷನ್‌ನಲ್ಲಿ ಅದು ಮೊದಲೇ ಕೂತಿರುತ್ತದೆ. ಫಾಸ್ಟ್‌ಟ್ರ್ಯಾಕ್ ಆದ ಕನೆಕ್ಷನ್‌ಗಳ ಪ್ಯಾಕೆಟ್ ಮ್ಯಾಂಗಲ್ ಮುಟ್ಟುವುದೇ ಇಲ್ಲ, ಗುರುತಿಲ್ಲದೆ ಹೊರಟುಹೋಗುತ್ತದೆ. ಸಿಂಪಲ್ ಕ್ಯೂ ಮತ್ತು ಗ್ಲೋಬಲ್ ಪೇರೆಂಟ್‌ನ ಕ್ಯೂ ಟ್ರೀಯನ್ನೂ ದಾಟಿಕೊಂಡು ಹೋಗುತ್ತದೆ. ಆ ನಿಯಮ ಡಿಸೇಬಲ್ ಮಾಡಿ, ಹಳೆಯ ಕನೆಕ್ಷನ್‌ಗಳು ಕನೆಕ್ಷನ್ ಟೇಬಲ್‌ನಲ್ಲಿ ಉಳಿದಿರುವುದರಿಂದ ಅವನ್ನೂ ತೆಗೆದುಹಾಕಿ, ಆಮೇಲೆ ಸಿಪಿಯು ಗಮನಿಸಿ. ಫಾಸ್ಟ್‌ಟ್ರ್ಯಾಕ್ ಹೋದ ಮೇಲೆ ಸಣ್ಣ ಮಾದರಿಗಳಲ್ಲಿ ಸಿಪಿಯು ಏರುತ್ತದೆ. 20 ಎಂಬಿಪಿಎಸ್‌ಗೆ ಏನೂ ಆಗದು. 200ರ ಲಿಂಕ್ ಇದ್ದು ತುಂಬಿದಾಗ ಸಿಪಿಯು 100 ಮುಟ್ಟುತ್ತಿದ್ದರೆ ರೂಟರ್ ಬದಲಿಸಬೇಕು, ಪಾಲಿಸಿಯನ್ನಲ್ಲ.